ನೀಲಾಬಾಯಿ ಹೇಳದ ಹೆಸರು

"ನಿಲ್ರಿ ಅಲ್ಲೇ… ಅಕ್ಷರದ ಮ್ಯಾಲ ಕಾಲಿಟ್ಟೀರಿ."

ನೀಲಾಬಾಯಿ ಬೆಚ್ಚಿ ನಿಂತಳು. ಕೆಳಗೆ ನೋಡಿದರೆ ನೆಲದ ತುಂಬ ಸೀಮೆಸುಣ್ಣದ ಇಂಗ್ಲಿಷ್! ಅವಳ ಬಲಗಾಲು ಸರಿಯಾಗಿ ಒಂದು ವಾಕ್ಯದ ನಡುವೆ ಊರಿತ್ತು.

ತಟ್ಟನೆ ಕಾಲು ತೆಗೆದಳು. ಬಗ್ಗಿ ಆ ಅಕ್ಷರವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ತಲೆಯೆತ್ತಿದಾಗ ಎದುರಿಗೆ ನಿಂತ ಎತ್ತರದ ಮನುಷ್ಯ ಅವಳನ್ನೇ ನೋಡುತ್ತಿದ್ದ. ಗದರಿಸಲು ತೆರೆದ ಬಾಯಿ ಹಾಗೇ ಉಳಿದಿತ್ತು.

ಅವನೇ ಅಂಬಾರಾಯ, ಇಂಗ್ಲಿಷ್ ಮಾಸ್ತರ. ಶಹಾಬಾದ್ ಸ್ಟೇಷನ್ ಹಿಂದಿನ ಹಳೆಯ ಗೋದಾಮಿನಲ್ಲಿ ಪ್ರತಿ ಭಾನುವಾರ ಅವನ ತರಗತಿ. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಒಂದರಲ್ಲೇ ಮುಗ್ಗರಿಸಿದವರೆಲ್ಲ ಅಲ್ಲಿ ಸೇರುತ್ತಿದ್ದರು. ಮೈಸೂರು ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದ ಹೊಸತು. ರಾಜ್ಯದ ಹೆಸರು ಬದಲಾದರೂ ಆ ಸೀಮೆಯ ಮಕ್ಕಳು ಇಂಗ್ಲಿಷಿನಲ್ಲಿ ಫೇಲಾಗುವುದು ಮಾತ್ರ ಬದಲಾಗಿರಲಿಲ್ಲ.

ಗೋದಾಮಿನಲ್ಲಿ ಕರಿಹಲಗೆ ಇರಲಿಲ್ಲ. ಆದರೆ ಶಹಾಬಾದಿನಲ್ಲಿ ಕಲ್ಲಿಗೇನು ಬರ? ನೆಲಕ್ಕೆ ಹಾಸಿದ ಪರ್ಸಿಕಲ್ಲುಗಳೇ, ಆ ಊರಿನ ಚಪ್ಪಟೆ ಕಲ್ಲುಗಳೇ, ಮಾಸ್ತರನಿಗೆ ಹಲಗೆ. ಒಂದೊಂದು ಪರ್ಸಿಗೆ ಒಂದೊಂದು ಕಾಲ. ಈ ಕಲ್ಲಿನಲ್ಲಿ 'ಈಸ್', ಪಕ್ಕದ ಕಲ್ಲಿನಲ್ಲಿ 'ವಾಸ್', ಅದರಾಚೆ 'ಹ್ಯಾಸ್'. ಕರೆದವರು ಆ ಕಲ್ಲಿನ ಅಂಚಿಗೆ ನಿಂತು, ಕೋಣೆಯಲ್ಲಿದ್ದ ಯಾರಾದರೊಬ್ಬರ ಬಗ್ಗೆ ಆ ಕಾಲದಲ್ಲಿ ಒಂದು ವಾಕ್ಯ ಹೇಳಬೇಕು. ಹೀಗಾಗಿ ವ್ಯಾಕರಣದ ತರಗತಿ ಅರ್ಧ ಹರಟೆಯ ಕಟ್ಟೆಯೇ ಆಗಿತ್ತು.

ಹೊಸಬಳಾದ ಅವಳಿಗೆ ಮಾಸ್ತರ ಇಂಗ್ಲಿಷಿನಲ್ಲೇ ಹೆಸರು ಕೇಳಿದ. ನೀಲಾ ಉಗುಳು ನುಂಗಿ, "ಮೈ ದಿ ನೇಮ್ ಈಸ್ ದಿ ನೀಲಾಬಾಯಿ" ಎಂದಳು.

ಎಲ್ಲರೂ ಗೊಳ್ಳೆಂದರು. ಎಲ್ಲರಿಗಿಂತ ಜೋರಾಗಿ ನಕ್ಕವನು ಲಾಲ್ ಅಹ್ಮದ್. ಮೂರು ಸಲ ಫೇಲಾದ ಹಿರಿತನ ಅವನದು. ನೀಲಾಳ ಕಿವಿ ಕಾದುಹೋಯಿತು. ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಅಂಬಾರಾಯ ಮಾತ್ರ ನಗಲಿಲ್ಲ.

"ನಗಬ್ಯಾಡ್ರಿ. ನಮಗ 'ದಿ' ಭಾಳ ಕಮ್ಮಿ ಬಿದ್ದಿತ್ತು. ಆಕಿ ಎರಡು ಹೆಚ್ಚಿಗಿ ತಂದಾಳ, ಇರಲಿ, ಮುಂದ ಬೇಕಾಗ್ತಾವ. ಕುಂದ್ರಿ ನೀವು."

ಅವಮಾನದ ಬಾಯಿಂದ ಅವಳನ್ನು ಅಷ್ಟು ಹಗುರಾಗಿ ಎತ್ತಿ ಕೂರಿಸಿದವರು ಆ ವರ್ಷದಲ್ಲಿ ಬೇರೆ ಯಾರೂ ಇರಲಿಲ್ಲ. ನೀಲಾ ಗೆಳತಿ ಜೈತುನ್ಬೀಯ ಪಕ್ಕ ಕುಳಿತು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಆ ವರ್ಷ ಎಂಥದ್ದೆಂದು ಹೇಳಬೇಕು. ನೀಲಾಳ ಅಕ್ಕ ವಿಮಲಾಬಾಯಿ ಗಂಡನ ಊರಾದ ಸೇಡಂನಲ್ಲಿ ಹೆಣ್ಣುಮಗುವೊಂದನ್ನು ಹೆತ್ತು ತೀರಿಕೊಂಡಿದ್ದಳು. ಹದಿನೈದನೆಯ ದಿನಕ್ಕೇ ಹಿರಿಯರ ಬಾಯಲ್ಲಿ ಮಾತು ಬಂತು. ಹಸುಗೂಸಿಗೆ ತಾಯಿ ಬೇಕು, ಹೊರಗಿನವಳೇಕೆ? ತಂಗಿಯನ್ನೇ ಕೊಟ್ಟರಾಯಿತು!

ನೀಲಾ ತಂದೆ ನಾಗೇಂದ್ರಪ್ಪನ ಕಾಲು ಹಿಡಿದಳು. ಒಂದೇ ಒಂದು ಅವಕಾಶ ಕೊಡು, ಇಂಗ್ಲಿಷ್ ಪಾಸಾದರೆ ಗುಲಬರ್ಗಾದಲ್ಲಿ ಟೀಚರ್ ಟ್ರೈನಿಂಗಿಗೆ ಹೋಗುತ್ತೇನೆ, ಫೇಲಾದರೆ ಬಾಯಿ ಮುಚ್ಚಿಕೊಂಡು ಸೇಡಂಗೆ ಹೋಗುತ್ತೇನೆ ಎಂದಳು. ಪರ್ಸಿ ವ್ಯಾಪಾರದ ನಾಗೇಂದ್ರಪ್ಪ ಒರಟ. ಆದರೂ ಒಬ್ಬ ಮಗಳನ್ನು ಮಣ್ಣು ಮಾಡಿ ಬಂದ ಹೊಸತು. ರಿಸಲ್ಟ್ ಬರುವತನಕ ಕಾಯುತ್ತೇನೆಂದು ಮಾತು ಕೊಟ್ಟ.

ಹೀಗೆ ನೀಲಾಳ ಬದುಕು 'ಎ', 'ಆ್ಯನ್', 'ದಿ'ಗಳ ಮೇಲೆ ನಿಂತುಬಿಟ್ಟಿತು.

ಅವೇ ಅವಳಿಗೆ ಒಲಿಯುತ್ತಿರಲಿಲ್ಲ. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂಬ ಅನುಮಾನದಲ್ಲಿ ಎರಡೆರಡು ಸಲ ಹಾಕುವವರಂತೆ ಎಲ್ಲ ಕಡೆ 'ದಿ' ಉದುರಿಸುತ್ತಿದ್ದಳು. ಅಂಬಾರಾಯ ಸಿಟ್ಟಾಗುತ್ತಿರಲಿಲ್ಲ. ಗುರುತಿಲ್ಲದ ಮನುಷ್ಯ ಬಾಗಿಲಿಗೆ ಬಂದರೆ 'ಯಾರೋ ಒಬ್ಬ ಬಂದಾನ' ಅನ್ನುತ್ತೀರಲ್ಲ, ಅದು 'ಎ'. ಅವನೇ ಮತ್ತೆ ಬಂದರೆ 'ಅವ ಬಂದಾನ' ಅನ್ನುತ್ತೀರಲ್ಲ, ಅದು 'ದಿ' ಎಂದು ತಿಳಿಸಿದ. ಅವತ್ತಿನಿಂದ ನೀಲಾಳ ತಪ್ಪು ಅರ್ಧಕ್ಕರ್ಧ ಕಡಿಮೆಯಾಯಿತು. ಭಾನುವಾರ ಗೋದಾಮಿನ ಬಾಗಿಲಲ್ಲಿ ನೆರಳು ಬಿದ್ದರೆ 'ಅವ ಬಂದ' ಎಂದು ಅವಳ ಮನಸ್ಸು ತಾನಾಗಿ ಹೇಳತೊಡಗಿತು.

ತರಗತಿ ಮುಗಿದ ಮೇಲೆ ನೆಲ ಸ್ವಚ್ಛ ಮಾಡಬೇಕಲ್ಲ? ಅಕ್ಷರದ ಮೇಲೆ ಕಸಬರಿಗೆ ಆಡಿಸಲು ಯಾರಿಗೂ ಮನಸ್ಸಿರಲಿಲ್ಲ. ಒದ್ದೆ ಬಟ್ಟೆಯಿಂದ ಒರೆಸುವ ಕೆಲಸವನ್ನು ನೀಲಾ ಹಿಡಿದಳು. ಗೋದಾಮಿನ ಆ ತುದಿಯಿಂದ ಅಂಬಾರಾಯನೂ ಒರೆಸುತ್ತ ಬರುತ್ತಿದ್ದ. ಮಾತೇನೂ ಹೆಚ್ಚಿಲ್ಲ. ಆತ ದಂಡೋತಿಯವನು, ಬಿ.ಎ. ಮಾಡಿದವನು, ಮನೆಯಲ್ಲಿ ತಾಯಿಯೊಬ್ಬಳೇ ಎಂಬುದೆಲ್ಲ ಅವಳಿಗೆ ಆ ಒದ್ದೆ ನೆಲದ ಮೇಲೆಯೇ ತಿಳಿದದ್ದು. ನಡುವಿನ ಪರ್ಸಿಗೆ ಬಂದಾಗ ಇಬ್ಬರೂ ಕೈ ನಿಧಾನ ಮಾಡುತ್ತಿದ್ದರು. ಜೈತುನ್ಬೀ ಬಾಗಿಲಲ್ಲಿ ಚಪ್ಪಲಿ ಹುಡುಕುವ ನೆಪದಲ್ಲಿ ನಗುತ್ತಿದ್ದಳು.

ಅಂಥದೇ ಒಂದು ಭಾನುವಾರ ನಾಗೇಂದ್ರಪ್ಪ ಗೋದಾಮಿಗೆ ಬಂದ. ಮಗಳಿಗೆ ಕಲಿಸುವವ ಯಾರೆಂದು ನೋಡಬೇಕಿತ್ತು. ನೀಲಾ ಒಳಗೆ ಬಟ್ಟೆ ಹಿಂಡುತ್ತಿದ್ದಳು. ಊರು ಯಾವುದು, ಯಾರ ಪೈಕಿ ಎಂದು ಕೇಳಿದ್ದು, ದಂಡೋತಿಯ ಅಂಬಿಗರ ಮನೆಯವನು ಎಂದು ಅಂಬಾರಾಯ ತಲೆಯೆತ್ತಿ ಹೇಳಿದ್ದು, ಎರಡೂ ಅವಳಿಗೆ ಕೇಳಿಸಿತು. ನಾಗೇಂದ್ರಪ್ಪನ ದನಿ ತುಸು ತಣ್ಣಗಾಯಿತು. ಹೇಗೂ ಸೇಡಂಗೆ ಕೊಡುವ ಹುಡುಗಿ, ಇದೆಲ್ಲ ಸುಮ್ಮನೆ ಹೊತ್ತು ಹೋಗಲಿಕ್ಕೆ ಎಂದ.

"ಆಕಿ ಪಾಸಾಗ್ತಾಳ್ರಿ. ಆಗಲಿಲ್ಲಂದ್ರ ತಪ್ಪು ಕಲಿಸಿದವಂದು, ಆಕಿದಲ್ಲ. ಅಲ್ಲಿತನ ಆಕಿನ್ನ ಯಾರಿಗೂ ಕೊಡಬ್ಯಾಡ್ರಿ, ನಿಮಗ ಕೈಮುಗೀತೀನಿ."

ಒಳಗೆ ನೀಲಾಳ ಕೈಯಿಂದ ಬಟ್ಟೆ ಜಾರಿತು.

ಯಾರಿಗೂ ಕೊಡಬೇಡಿ… ತನಗಾಗಿ ಇನ್ನೊಬ್ಬರೆದುರು ಕೈಮುಗಿದವರು ಯಾರಿದ್ದರು? ಅವತ್ತು, ಆ ಒದ್ದೆ ನೆಲದ ಮೇಲೆ ನಿಂತು, ಅವಳು ಮನಸ್ಸಿನಲ್ಲೇ ಅವನ ಹೆಂಡತಿಯಾಗಿಬಿಟ್ಟಳು. ಅಕ್ಕಿಕಾಳಿಲ್ಲ, ತಾಳಿಯಿಲ್ಲ. ಅವಳಿಗೆ ಅದು ಬೇಕೂ ಆಗಲಿಲ್ಲ.

ಮುಂದಿನ ಭಾನುವಾರ 'ಹ್ಯಾಸ್' ಕಲ್ಲಿನ ಸರದಿ. ಎಲ್ಲರೂ ಮಾಸ್ತರನನ್ನೇ ಹಿಡಿದು ವಾಕ್ಯ ಕಟ್ಟುತ್ತಿದ್ದರು. ಅಂಬಾರಾಯ ಹ್ಯಾಸ್ ಲಾಸ್ಟ್ ಹಿಸ್ ಪೆನ್, ಅಂಬಾರಾಯ ಹ್ಯಾಸ್ ಈಟನ್ ಮೈ ಪೇರಲಹಣ್ಣು ಎಂದು ಲಾಲ್ ಅಹ್ಮದ್ ನಗಿಸಿದ. ನೀಲಾಳ ಸರದಿ ಬಂತು.

"ಹಿ ಹ್ಯಾಸ್ ಕಮ್ ಫ್ರಂ ದಂಡೋತಿ," ಎಂದಳು ತಲೆ ತಗ್ಗಿಸಿ.

ವಾಕ್ಯದಲ್ಲಿ ಒಂದೂ ತಪ್ಪಿರಲಿಲ್ಲ. ಅಂಬಾರಾಯ ಹಿಗ್ಗಿದ. 'ಹಿ' ಅಂದರೆ ಯಾರು, ಹೆಸರಿಟ್ಟು ಹೇಳಿ ಎಂದ. ನೀಲಾ ಸುಮ್ಮನೆ ನಿಂತಳು. ಅವನು ಬಗ್ಗಿ ತನ್ನ ಹೆಸರಿಟ್ಟು ಇಡೀ ವಾಕ್ಯವನ್ನು ಪರ್ಸಿಯ ಮೇಲೆ ದೊಡ್ಡದಾಗಿ ಬರೆದು, ಓದಿ ಎಂದ. ಆಕೆ ಹೆಸರಿನ ನಂತರದ್ದನ್ನೆಲ್ಲ ಓದಿದಳು. ಅದೊಂದನ್ನು ಬಿಟ್ಟಳು.

ಹೇಗೆ ಹೇಳಿಯಾಳು? ಗಂಡನ ಹೆಸರು ಬಾಯಲ್ಲಿ ಬಂದರೆ ಅವನ ಆಯುಷ್ಯ ಕಡಿಮೆಯಾಗುತ್ತದೆಂದು ತಾಯಿ ಗುರುಲಿಂಗಮ್ಮ ಹೇಳುತ್ತಲೇ ಬೆಳೆಸಿದ್ದಳು. ಇಂಗ್ಲಿಷಿನಲ್ಲಿ ಹೇಳಿದರೆ ಪರವಾಗಿಲ್ಲವೆಂದು ಯಾರೂ ಹೇಳಿರಲಿಲ್ಲ. 'ಅಷ್ಟೂ ತಿಳಿಯೋದಿಲ್ಲೇನು ಇವರಿಗೆ…' ಎಂದು ನಾಚಿಕೆಯಲ್ಲಿ ಅವಳ ಕಣ್ಣು ನೆಲ ಬಿಟ್ಟು ಏಳಲಿಲ್ಲ.

ಅಂಬಾರಾಯನಿಗೆ ತಿಳಿದದ್ದು ಬೇರೆಯೇ. ಹೋದ ವಾರದವರೆಗೆ ಹೇಳುತ್ತಿದ್ದ ಹೆಸರು, ಅಂಬಿಗರವನೆಂದು ಗೊತ್ತಾದ ವಾರವೇ ನಾಲಗೆಗೆ ಬೇಡವಾಯಿತೇ! ಹಾಗೆ ತಣ್ಣಗಾಗುವ ಮುಖಗಳನ್ನು ಅವನು ಚಿಕ್ಕಂದಿನಿಂದ ನೋಡಿದ್ದ. ಅವಳೊಬ್ಬಳು ಹಾಗಲ್ಲವೆಂದು ನಂಬಿದ್ದ.

ಅವತ್ತು ನೆಲವನ್ನು ಅವನೊಬ್ಬನೇ ಒರೆಸಿದ. ಬಟ್ಟೆಗೆ ಕೈಚಾಚಿದ ನೀಲಾಳಿಗೆ, ಬೇಡ, ಮನೆಗೆ ಹೋಗಿ ಎಂದ. ಮುಂದಿನ ವಾರ ಅವಳನ್ನು ಒಮ್ಮೆಯೂ ಎಬ್ಬಿಸಲಿಲ್ಲ. ಅದರ ಮುಂದಿನ ವಾರ ಗೋದಾಮಿಗೆ ಬಂದರೆ ಮಾಸ್ತರನೇ ಇಲ್ಲ. ಚಿಂಚೋಳಿಯ ಹೈಸ್ಕೂಲಿನಲ್ಲಿ ನೌಕರಿ ಸಿಕ್ಕು ಹೋದರಂತೆ ಎಂದು ಲಾಲ್ ಅಹ್ಮದ್ ಹೇಳಿದ. ಪರ್ಸಿಗಳನ್ನು ತೊಳೆದು ಹೋಗಿದ್ದ. ಒಂದು ಅಕ್ಷರವೂ ಉಳಿದಿರಲಿಲ್ಲ.

ನಾನೇನು ತಪ್ಪು ಮಾಡಿದೆ… ಹೋಗುತ್ತೇನೆಂದು ಒಂದು ಮಾತು ಹೇಳಬಾರದಿತ್ತೇ… ನೀಲಾ ಬೆಳಗಿನ ರೊಟ್ಟಿ ಬಡಿಯುವಾಗಲೂ ಇದನ್ನೇ ಕೇಳಿಕೊಂಡಳು, ಪರೀಕ್ಷೆಯ ಕೋಣೆಯಲ್ಲೂ ಇದನ್ನೇ ಕೇಳಿಕೊಂಡಳು. ಪ್ರಶ್ನೆಪತ್ರಿಕೆಯಲ್ಲಿ ಖಾಲಿ ಬಿಟ್ಟ ಜಾಗಗಳು ಖಾಲಿಯೇ ಉಳಿದವು. ಬರುತ್ತಿದ್ದುದನ್ನೂ ಬರೆಯದೆ ಎದ್ದುಬಂದಳು.

ಫೇಲಾದಳು.

ನಾಗೇಂದ್ರಪ್ಪ ಬಯ್ಯಲಿಲ್ಲ. ಕೊಟ್ಟ ಮಾತು ನಡೆಸಿದ್ದೇನೆ, ಇನ್ನು ನೀನು ನಡೆಸು ಎಂದಷ್ಟೇ ಅಂದ. ನೀಲಾ ಬಾಯಿ ಮುಚ್ಚಿಕೊಂಡಳು. ನಿಶ್ಚಯಕ್ಕೆ ಸೇಡಂನಿಂದ ಮಂದಿ ಬಂದರು. ಮಗುವೂ ಬಂದಿತ್ತು. ಎತ್ತಿಕೊಂಡರೆ ಅಕ್ಕನದೇ ಹಣೆ, ಅಕ್ಕನದೇ ಗಲ್ಲದ ಗುಳಿ. ನೀಲಾ ಅದನ್ನು ಎದೆಗವಚಿ ಅತ್ತಳು. ಮಗು ಬೇಕಿತ್ತು ಅವಳಿಗೆ. ಆದರೆ ಮಗುವಿನ ತಂದೆ ಅವಳಿಗೆ ಅಕ್ಕನ ಗಂಡ, ಮಾವ, ಅಷ್ಟೇ.

ಉಡಿ ತುಂಬಿದ ಮೇಲೆ ಹೆಂಗಸರು ಅವಳನ್ನು ನಡುವೆ ಕೂರಿಸಿದರು. ಒಡಪು ಹಾಕಿ ಹೆಸರು ಹೇಳಬೇಕು! ಹೆಸರನ್ನು ಹಾಡಿನಂಥ ನಾಲ್ಕು ಸಾಲಿನಲ್ಲಿ ಮುಚ್ಚಿ, ನಾಚಿ, ಸೆರಗು ಕಚ್ಚಿ ಹೇಳುವುದೇ ಒಂದು ಸಂಭ್ರಮ. ಎಲ್ಲರೂ ಕಾದರು. ಜೈತುನ್ಬೀಯೂ ಬಾಗಿಲ ಬಳಿ ನಿಂತಿದ್ದಳು.

"ದೇವಿಂದ್ರಪ್ಪ," ಎಂದಳು ನೀಲಾ.

ಅಷ್ಟೇ. ಶಾಲೆಯಲ್ಲಿ ಹಾಜರಿ ಕೂಗಿದ ಹಾಗೆ. ನಾಚಿಕೆಯಿಲ್ಲ, ತಡವರಿಕೆಯಿಲ್ಲ. ಹೆಂಗಸರ ನಗು ಅರ್ಧಕ್ಕೇ ನಿಂತಿತು. 

ಪಡಸಾಲೆಯಲ್ಲಿ ಗಂಡಸರ ನಡುವೆ ಕುಳಿತಿದ್ದ ದೇವಿಂದ್ರಪ್ಪನಿಗೆ ತನ್ನ ಹೆಸರು ಕೇಳಿಸಿತು. ವಿಮಲಾಳದೇ ದನಿ! ಆದರೆ ವಿಮಲಾ ಆ ಹೆಸರನ್ನು ಒಂದು ದಿನವೂ ಹೇಳಿದವಳಲ್ಲ. ಅವನು ಎದ್ದು ಒಳಬಾಗಿಲಿಗೆ ಬಂದ. ಹೆಂಗಸರು ಸೆರಗು ಸರಿಮಾಡಿಕೊಂಡರು.

"ಅತ್ತಿ, ಈ ನಿಶ್ಚಯ ಬ್ಯಾಡ್ರಿ," ಎಂದ ಗುರುಲಿಂಗಮ್ಮನಿಗೆ. ಅವನ ಕಣ್ಣು ತುಂಬಿತ್ತು. "ದವಾಖಾನ್ಯಾಗ ನಿಮ್ಮ ಹಿರೀ ಮಗಳು 'ಅವರನ್ನ ಕರೀರಿ, ಅವರನ್ನ ಕರೀರಿ' ಅಂತಿದ್ಳಂತ. ನರ್ಸಮ್ಮ ಹೆಸರು ಕೇಳಿದ್ರ ಬಾಯಿ ಬಿಡಲಿಲ್ಲಂತ. ಹೊರಗ ಅಷ್ಟು ಮಂದ್ಯಾಗ ನಾ ಕುಂತಿದ್ದೆ. ಯಾರಂತ ಕರೀತಾರ ಅವರು? ಗೊತ್ತಾಗಿ ಒಳಗ ಹೋಗೋದ್ರಾಗ ಆಕಿ ಇದ್ದಿಲ್ಲ. ಅಷ್ಟು ಜೀವ ಇಟ್ಟಾಕಿ ಜೋಡಿ ಬಾಳೇವಿ ನಾವು. ಈ ಹುಡುಗಿ ಮನಸ್ಸಿನಾಗ ನಾ ಇಲ್ರಿ."

 ಅವನು ನೀಲಾಳ ಕಡೆ ತಿರುಗಿ, ನೀ ಹೇಳಲಾರದ ಹೆಸರು ಯಾರದವ್ವ ಎಂದು ತಂಗಿಯನ್ನು ಕೇಳುವಂತೆ ಕೇಳಿದ. ನೀಲಾ ಮಗುವಿನ ತಲೆಯಲ್ಲಿ ಮುಖ ಹುದುಗಿಸಿದಳು. ಉತ್ತರ ಬಂದದ್ದು ಬಾಗಿಲ ಬಳಿಯಿಂದ. ಇಂಗ್ಲಿಷ್ ಕಲಿಸಿದವರದು ಎಂದಳು ಜೈತುನ್ಬೀ ಮೆಲ್ಲಗೆ.

ನಾಗೇಂದ್ರಪ್ಪ ಅವತ್ತಿನಿಂದ ಮಗಳ ಜೊತೆ ಮಾತು ಬಿಟ್ಟ.

ದೇವಿಂದ್ರಪ್ಪ ಸುಮ್ಮನಿರಲಿಲ್ಲ. ಮರುವಾರವೇ ಚಿಂಚೋಳಿಗೆ ಹೋಗಿ ಮಾಸ್ತರನನ್ನು ಹುಡುಕಿದ. ತನ್ನ ವಿಮಲಾಳ ಕಥೆ ಹೇಳಿದ, ನೀಲಾಳದನ್ನೂ ಹೇಳಿದ. ಕೇಳುತ್ತ ಕೇಳುತ್ತ ಅಂಬಾರಾಯ ಶಾಲೆಯ ಮೆಟ್ಟಿಲ ಮೇಲೆ ಕುಸಿದು ಕುಳಿತ. ಅಯ್ಯೋ, ಆ ತಗ್ಗಿದ ತಲೆಯನ್ನು ಅವನು ಏನೆಂದು ಓದಿದ್ದ!

ಭಾನುವಾರ ಇಬ್ಬರೂ ಶಹಾಬಾದಿಗೆ ಬಂದರು. ದೇವಿಂದ್ರಪ್ಪ ಮಗುವನ್ನು ಎತ್ತಿಕೊಂಡಿದ್ದ. ಅಂಬಾರಾಯ ಹೊಸ್ತಿಲಾಚೆ ನಿಂತು, ನಿಮ್ಮ ಮಗಳನ್ನು ನನಗೆ ಕೊಡಿ ಎಂದು ಕೇಳಿದ. ತಲೆ ತಗ್ಗಿರಲಿಲ್ಲ.

ನಾಗೇಂದ್ರಪ್ಪ ಒಳಕೋಣೆಯ ಕಡೆ ತಿರುಗಿದ. ಎಷ್ಟೋ ದಿನಗಳ ಮೇಲೆ ಮಗಳನ್ನು ಕರೆದ.

"ನೀಲಾ. ಬಾಗಿಲಿಗೆ ಬಂದವ ಯಾರು?"

ಅವಳು ಒಳಕೋಣೆಯಿಂದ ಬಂದು ಕಂಬಕ್ಕೊರಗಿ ನಿಂತಳು.

"ಹೆಸರು ಹೇಳವ್ವ," ಎಂದ ನಾಗೇಂದ್ರಪ್ಪ. ಒರಟನ ದನಿಯಲ್ಲಿ ಈಗ ಬೇಡಿಕೆಯಿತ್ತು. "ಬರೇ ಕಲಿಸಿದ ಮಾಸ್ತರ ಅಂದ್ರ ಹೆಸರು ಹೇಳಾಕ ಏನದ? ಹೇಳಿಬಿಡು. ಇವತ್ತಿನ ಮಾತು ಇಲ್ಲಿಗೇ ಮುಗೀತದ. ಸೇಡಂಗೂ ಕೊಡಂಗಿಲ್ಲ, ಎಲ್ಲಿಗೂ ಕೊಡಂಗಿಲ್ಲ. ಇಲ್ಲೇ ನನ್ನ ಕಣ್ಣಮುಂದ ಓದ್ಕೊಂಡು ಇರು."

ಕಾಲು ಹಿಡಿದು ಬೇಡಿದ್ದೆಲ್ಲ ಈಗ ಕೈಗೇ ಬಂದಿತ್ತು! ಓದು, ಮನೆ, ಅಪ್ಪ, ಅವ್ವ. ಒಂದು ಹೆಸರು ಹೇಳಿದರೆ ಸಾಕು.

ನೀಲಾ ಅಪ್ಪನನ್ನು ನೋಡಿದಳು. ಒಂದೇ ವರ್ಷದಲ್ಲಿ ಎಷ್ಟು ಬೆಳ್ಳಗಾಗಿತ್ತು ಅವನ ತಲೆ!  ಕಣ್ಣಿಂದ ನೀರು ಇಳಿದು ಕೊರಳವರೆಗೆ ಹರಿಯಿತು.

ಹೆಸರು ಬರಲಿಲ್ಲ.

ಹೊಸ್ತಿಲಾಚೆ ಅಂಬಾರಾಯ ಆ ಮೌನವನ್ನು ಕೇಳಿಸಿಕೊಂಡ. ಗೋದಾಮಿನಲ್ಲಿ ಕೇಳಿದ್ದೂ ಇದೇ ಮೌನ. ಅವತ್ತು ಅದರಿಂದ ಓಡಿಹೋಗಿದ್ದ, ಈಗ ಗೋಡೆ ಹಿಡಿದು ನಿಂತು ಅತ್ತ.

ನಾಗೇಂದ್ರಪ್ಪ ಬಹಳ ಹೊತ್ತು ಕಾದ. ಆಮೇಲೆ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡು ಎದ್ದ.

"ಹಂಗಾದ್ರ ಉಟ್ಟ ಬಟ್ಟಿ ಮ್ಯಾಲ ಹೋಗು," ಎಂದು ಒಳಗೆ ನಡೆದ. ಗುರುಲಿಂಗಮ್ಮ ಮಗಳ ತಲೆಯನ್ನೊಮ್ಮೆ ಎದೆಗೊತ್ತಿಕೊಂಡಳು. ನೀಲಾ ಹೊಸ್ತಿಲು ದಾಟಿದ ಮೇಲೆ ಬಾಗಿಲು ಮುಚ್ಚಿತು.

ಗುಲಬರ್ಗಾದಲ್ಲಿ ಮದುವೆ, ಸಾಕ್ಷಿಗೆ ನಾನೇ ಎಂದು ದೇವಿಂದ್ರಪ್ಪ ಮಗುವಿನೊಂದಿಗೆ ಮುಂದಾಗಿ ಸ್ಟೇಷನ್ನಿಗೆ ಹೋದ. ಇವರಿಬ್ಬರೂ ಹಿಂದೆ ಹೊರಟರು. ಓಣಿಯ ತುದಿಗೆ ಬಂದಾಗ ನೀಲಾ ನಿಂತುಬಿಟ್ಟಳು.

"ಅಪ್ಪ ಮುಂಜಾನಿಂದ ಉಂಡಿಲ್ರಿ. ಅಕ್ಕ ಸತ್ತಾಗ ಹಿಂಗೇ ಮಾಡಿದ. ಮೂರು ದಿನ ನೀರು ಸೈತ ಮುಟ್ಟಲಿಲ್ಲ."

ಅಂಬಾರಾಯ ಅವಳ ಮುಖ ನೋಡಿದ. ಹಿಂದಿರುಗಿ ನಡೆದ. ಇಬ್ಬರೂ ಆ ಮುಚ್ಚಿದ ಬಾಗಿಲಿನ ಹೊರಗಿನ ಕಟ್ಟೆಯ ಮೇಲೆ ಕುಳಿತರು. ಮಧ್ಯಾಹ್ನದ ಬಿಸಿಲಿಗೆ ಕಲ್ಲು ಸುಡುತ್ತಿತ್ತು. ಅವನು ಟವೆಲು ಹಾಸಿ ಅವಳನ್ನು ಕೂರಿಸಿದ.

"ನನ್ನ ಮನೆತನ ನಿಮಗ ಹೇಸಿಕಿ ಆಯ್ತಂತ ತಿಳ್ಕೊಂಡೆ. ಒಂದು ಮಾತು ಕೇಳಲಿಲ್ಲ. ನಾ ಹೋಗಿದ್ದಕ್ಕೇ ನೀವು ಫೇಲಾದ್ರಿ," ಎಂದ.

"ಕೇಳಿದ್ರೂ ಹ್ಯಾಂಗ ಹೇಳ್ತಿದ್ದೆ? ಹೆಸರು ಹೇಳಿದ್ರ ಆಯುಷ್ಯ ಕಮ್ಮಿ ಆಗ್ತದಂತ್ರಿ. ನಂಗ ನೀವು ಭಾಳ ದಿನ ಇರಬೇಕಾಗಿತ್ತು."

 ಅವನು ಮೊದಲ ಸಲ ಅವಳ ಕೈ ಹಿಡಿದ. ಕೈ ತಣ್ಣಗಿತ್ತು.

ಅಷ್ಟರಲ್ಲಿ ಕಿಟಕಿಯಲ್ಲಿ ಗುರುಲಿಂಗಮ್ಮ ಕಂಡಳು.  ಕೈಬೆರಳು ಕೂಡಿಸಿ ಬಾಯಿಯ ಹತ್ತಿರ ಒಯ್ದು ತೋರಿಸಿ, ಕಣ್ಣೊರೆಸಿಕೊಂಡು ಒಳಗೆ ಹೋದಳು.

"ಉಣ್ಣಾಕತ್ತಾನ," ಎಂದು ನೀಲಾ ಪಿಸುಗುಟ್ಟಿದಳು. ಅವಳ ಅಳು ಈಗ ಕಟ್ಟೆಯೊಡೆಯಿತು.

ದೂರದಲ್ಲಿ ಗಾಡಿ ಕೂಗಿತು. ಅಂಬಾರಾಯ ಏಳಲಿಲ್ಲ.

"ಅಪ್ಪ ಭಾಳ ಸಾವಕಾಶ ಉಣ್ತಾನ್ರಿ… ಗಾಡಿ ತಪ್ತದ."

"ತಪ್ಪಲಿ. ಮತ್ತೊಂದು ಬರ್ತದ. ಅವರು ಉಂಡು ಕೈ ತೊಳಿಯೋತನ ಕುಂದ್ರೋಣು."